‘ಎರೆಯಂಗ’ ಅಂತ ಹೆಸರಿಟ್ಟರೆ ಮಗುವನ್ನು ಎರೆಹುಳು ಅಂತಾರಾ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕು. ಬಾಣಂತನಕ್ಕೆ ಚಿಕ್ಕಮಗಳೂರಿನ ತವರಿಗೆ ಬಂದಿದ್ದೇನೆ. ಗಂಡುಮಗು, ಈಗ ಎರಡೂವರೆ ತಿಂಗಳು. ಕೃತ್ತಿಕಾ ನಕ್ಷತ್ರ, ನಾಲ್ಕನೇ ಪಾದ. ‘ಏ’ ಅಕ್ಷರ ಬಂದಿದೆ. ನಮ್ಮ ಮನೆಯವರು ಹೊಯ್ಸಳರ ರಾಜ ವಿಷ್ಣುವರ್ಧನನ ತಂದೆಯ ಹೆಸರು ‘ಎರೆಯಂಗ’ ಇಡೋಣ ಅಂತ ಹಟ ಹಿಡಿದಿದ್ದಾರೆ. ನನಗೂ ಇಷ್ಟ. ಆದರೆ ನಮ್ಮತ್ತೆ, ‘ಸ್ಕೂಲಲ್ಲಿ ಎರೆಹುಳು ಅಂತಾರೆ, ಬೇಡ’ ಅನ್ನುತ್ತಾರೆ. ಆ ರಾಜ ನಾಲ್ಕೇ ವರ್ಷ ಆಳಿದ್ದಂತೆ, ಅಂಥ ಹೆಸರು ಒಳ್ಳೆಯದಲ್ಲ ಎಂದೂ ಯಾರೋ ಅವರ ತಲೆಗೆ ತುಂಬಿದ್ದಾರೆ. ಮೊಬೈಲಲ್ಲಿ ನೋಡಿದರೆ ಒಂದು ಕಡೆ ಇದು ಸಂಸ್ಕೃತ ಹೆಸರು ಅಂತಿದೆ, ಇನ್ನೊಂದು ಕಡೆ ‘ತುಂಬಾ ಜನಪ್ರಿಯ’ ಅಂತ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ. ಒಬ್ಬರು ಎರೆಯಾಂಗ ಅಂತಾರೆ, ಇನ್ನೊಬ್ಬರು ಯರಿಯಂಗ. ಸರಿಯಾದ ಉಚ್ಚಾರ ಯಾವುದು? ಇಂಗ್ಲಿಷ್‌ನಲ್ಲಿ ಹೇಗೆ ಬರೆಯಬೇಕು? ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ತಡವಾಯಿತೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ನಿಮ್ಮ ಅರ್ಧ ಆತಂಕ ಅದರಲ್ಲೇ ಹೋಗುತ್ತದೆ. ತಡವಾಗಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ಎನ್ನುವುದು ನಿಯಮ, ಅದು ನಿಮ್ಮದು ಆಗಿದೆ. ಮಗುವಿನ ಹೆಸರನ್ನು ಮಾತ್ರ ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದು ದಾಟಿದರೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಒಂಬತ್ತು ತಿಂಗಳ ಮೇಲೆ ಸಮಯವಿದೆ. ಜನ ಸಾಮಾನ್ಯವಾಗಿ ಎಡವುವುದು ತಡ ಮಾಡಿ ಅಲ್ಲ, ಅವಸರ ಮಾಡಿ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಯಾರೋ ಕೇಳಿದರು ಅಂತ ಬಾಯಿಗೆ ಬಂದ ಹೆಸರು ಬರೆಸಿ, ಆಮೇಲೆ ತಿದ್ದುಪಡಿಗೆ ಅಲೆಯುವವರೇ ಹೆಚ್ಚು.

ಇನ್ನು ನಿಮ್ಮ ಅತ್ತೆಯವರ ಮಾತು. ಅವರು ಹೇಳುತ್ತಿರುವುದರಲ್ಲಿ ಎರಡು ಬೇರೆ ಬೇರೆ ವಿಷಯ ಕಲೆತಿವೆ: ಹೆಸರಿನ ಅರ್ಥ ಒಂದು, ಅದು ಕಿವಿಗೆ ಹೇಗೆ ಬೀಳುತ್ತದೆ ಎನ್ನುವುದು ಇನ್ನೊಂದು. ಅರ್ಥದಲ್ಲಿ ಹುಳುವೂ ಇಲ್ಲ, ಮಣ್ಣೂ ಇಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಅವರ ಅನುಮಾನವನ್ನು ತಳ್ಳಿಹಾಕುವಂತಿಲ್ಲ.

ಹಳಗನ್ನಡದಲ್ಲಿ ಎರಡು ಬಗೆಯ ರ ಇದ್ದವು. ಒಂದು ಈಗಲೂ ಇರುವ ರ. ಇನ್ನೊಂದು ಱ, ವ್ಯಾಕರಣದವರು ಶಕಟರೇಫ ಎನ್ನುವ, ಸ್ವಲ್ಪ ಗಡುಸಾದ ರ. ಈ ರಾಜನ ಹೆಸರು ಶಾಸನಗಳಲ್ಲಿ ‘ಎಱೆಯಂಗ’ ಎಂದೇ ಇರುವುದು. ಎಱೆ, ಎಱೆಯ ಎಂದರೆ ಒಡೆಯ, ಅರಸ. ತಮಿಳಿನಲ್ಲಿ ದೇವರಿಗೆ, ದೊರೆಗೆ ಇವತ್ತಿಗೂ ಹೇಳುವ ‘ಇಱೈವನ್’ ಇದೇ ಬೇರಿನ ಮಾತು. ಗಂಗರ ವಂಶದಲ್ಲೂ ಎಱೆಗಂಗ, ಎಱೆಯಪ್ಪ ಎನ್ನುವ ಅರಸರಿದ್ದರು. ಹಾಗಾಗಿ ‘ಸಂಸ್ಕೃತ ಮೂಲದ ಹೆಸರು’ ಎನ್ನುವುದು ಶುದ್ಧ ತಪ್ಪು. ಇದು ಅಚ್ಚಗನ್ನಡದ ಹೆಸರು. ‘ಅಂಗ ಅಂದರೆ ದೇಹ’ ಎಂದು ಬಾಲವನ್ನು ಕತ್ತರಿಸಿ ‘ರಾಜದೇಹವುಳ್ಳವನು’ ಎಂಬ ಅರ್ಥ ಹೊಂದಿಸುವುದೂ ಬೇಡ. ಒಡೆಯ ಎನ್ನುವ ಅರ್ಥ ಮೊದಲ ತುಂಡಿನಲ್ಲೇ ಇದೆ, ಹೆಸರಿಗೆ ಅಷ್ಟು ಸಾಕು.

ಆಮೇಲೆ ಆದದ್ದು ಏನೆಂದರೆ, ಮಾತಿನಲ್ಲಿ ಈ ಎರಡು ರ ಒಂದೇ ಆಗಿಹೋದವು. ಬರಹದಲ್ಲಿ ಱ ಕೆಲವು ಕಾಲ ಉಳಿದು, ನಿಧಾನವಾಗಿ ಅಲ್ಲಿಂದಲೂ ಜಾರಿತು. ಇವತ್ತು ಮಕ್ಕಳು ಕಲಿಯುವ 49 ಅಕ್ಷರದ ವರ್ಣಮಾಲೆಯಲ್ಲಿ ಅದಿಲ್ಲ. ಹೀಗಾಗಿ ಒಂದು ಕಾಲದಲ್ಲಿ ಕೇಳಿದರೆ ಬೇರೆ ಅಂತ ತಿಳಿಯುತ್ತಿದ್ದ ಮಾತುಗಳು ಈಗ ಒಂದೇ ಹೊಲಿಗೆಯ ಬಟ್ಟೆ ಉಟ್ಟಿವೆ. ಅಜ್ಜಿಯನ್ನು ‘ಕರೆ’ ಎಂಬಲ್ಲಿ ಇದ್ದದ್ದು ರ, ಹಸುವಿನ ಹಾಲು ‘ಕರೆ’ ಎಂಬಲ್ಲಿ ಇದ್ದದ್ದು ಱ. ನಮ್ಮ ಊರುಗಳಲ್ಲಿ ಬೆಳಗಾದರೆ ಎರಡೂ ಕೆಲಸ ನಡೆಯುತ್ತವೆ, ಯಾರೂ ಗೊಂದಲ ಮಾಡಿಕೊಂಡಿಲ್ಲ. ಆದರೆ ‘ಎರೆ’ಯ ಗುಂಪು ಸ್ವಲ್ಪ ದೊಡ್ಡದು: ಎರೆಹುಳು, ಎರೆಮಣ್ಣು, ಕಾವಲಿಗೆ ದೋಸೆ ಎರೆಯುವುದು, ಮಗುವಿಗೆ ನೀರು ಎರೆಯುವುದು. ಇವೆಲ್ಲ ದಿನಬಳಕೆಯವು. ‘ಒಡೆಯ’ ಎನ್ನುವ ಅರ್ಥದ ಎರೆ ಮಾತ್ರ ಮಾತಿನಿಂದ ಮಾಯವಾಗಿದೆ. ಹೊಸಬರ ಕಿವಿಗೆ ‘ಎರೆ’ ಅಂತ ಬಿದ್ದ ತಕ್ಷಣ ಮನಸ್ಸು ಹೋಗುವುದು ತೋಟದ ಗೊಬ್ಬರದ ಗುಂಡಿಗೇ ಹೊರತು ದೋರಸಮುದ್ರದ ಅರಮನೆಗಲ್ಲ. ಅತ್ತೆಯವರ ಕಿವಿ ಹೇಳಿದ್ದು ಅದನ್ನೇ.

ಇದು ಈ ಒಂದು ಹೆಸರಿನ ಪಾಡಲ್ಲ. ಇವನ ಮಗ ವಿಷ್ಣುವರ್ಧನನ ಮನೆಯ ಹೆಸರು ಬಿಟ್ಟಿದೇವ. ಅಲ್ಲಿನ ‘ಬಿಟ್ಟಿ’ ವಿಷ್ಣುವಿನಿಂದ ಬಂದದ್ದು. ಕೂಲಿಯಿಲ್ಲದ ದುಡಿತಕ್ಕೆ ಹೇಳುವ ‘ಬಿಟ್ಟಿ’ ಬಂದದ್ದು ‘ವಿಷ್ಟಿ’ಯಿಂದ. ಎರಡೂ ಸವೆದು ಒಂದೇ ಆದವು. ಇವತ್ತು ಮಗುವಿಗೆ ಬಿಟ್ಟಿದೇವ ಅಂತಿಟ್ಟರೆ ಎರೆಹುಳುವಿಗಿಂತ ದೊಡ್ಡ ಕಷ್ಟ ಅವನದು.

‘ನಾಲ್ಕೇ ವರ್ಷ ಆಳಿದ’ ಎನ್ನುವ ಮಾತಿಗೆ ಬರೋಣ. ಲೆಕ್ಕ ಹೆಚ್ಚು ಕಡಿಮೆ ಸರಿ. ಸಾಮಾನ್ಯವಾಗಿ ಸುಮಾರು 1098ರಿಂದ 1102 ಎಂದು ಹೇಳುತ್ತಾರೆ. ಆದರೆ ಅದಕ್ಕೆ ಕಾರಣ ಅಲ್ಪಾಯುಸ್ಸಲ್ಲ. ಅಪ್ಪ ವಿನಯಾದಿತ್ಯ ಸುಮಾರು 50 ವರ್ಷ ಪಟ್ಟದಲ್ಲಿದ್ದ. ಮಗನ ಬಹುಪಾಲು ಬಾಳು ಯುವರಾಜನಾಗಿ, ದಂಡು ನಡೆಸುತ್ತಲೇ ಕಳೆಯಿತು. ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಪರವಾಗಿ ಮಾಳವದ ಧಾರಾನಗರದ ಮೇಲೆ ದಂಡೆತ್ತಿ ಹೋದವನು ಇವನು. ಶಾಸನಗಳು ಇವನನ್ನು ಚಕ್ರವರ್ತಿಯ ಬಲಗೈ ಎಂದು ಹೊಗಳುತ್ತವೆ. ಹೆಂಡತಿ ಏಚಲದೇವಿ. ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ ಎಂಬ ಮೂವರು ಮಕ್ಕಳು. ಅವರಲ್ಲಿ ಇಬ್ಬರು ಪಟ್ಟಕ್ಕೆ ಬಂದರು, ಒಬ್ಬ 1117ರಲ್ಲಿ ನಿಮ್ಮ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಇಂಥ ಸಂಸಾರಸ್ಥನ ಹೆಸರು ಅಶುಭ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಇದನ್ನು ಅತ್ತೆಯವರಿಗೆ ನೀವು ಹೇಳುವುದಕ್ಕಿಂತ ನಿಮ್ಮ ಯಜಮಾನರೇ ಕೂತು ಹೇಳಿದರೆ ಚೆನ್ನ. ಹಟ ಹಿಡಿದವರು ಅವರು ತಾನೆ!

ನಕ್ಷತ್ರದ ಅಕ್ಷರ ಹೊಂದುತ್ತದೆ. ಆ ಪಟ್ಟಿ ಸಂಸ್ಕೃತದ ಲೆಕ್ಕದ್ದು, ಸಂಸ್ಕೃತದಲ್ಲಿ ಹ್ರಸ್ವ ಎ ಇಲ್ಲ. ಅದಕ್ಕೇ ‘ಏ’ ಅಂತ ಬರೆದಿರುತ್ತಾರೆ. ಕನ್ನಡದಲ್ಲಿ ಎ, ಏ ಎರಡನ್ನೂ ಅದರಡಿ ತೆಗೆದುಕೊಳ್ಳುವುದು ರೂಢಿ. ಅಕ್ಷರ ಸರಿ ಬರಲಿ ಅಂತ ‘ಏರೆಯಂಗ’ ಮಾಡಲು ಹೋಗಬೇಡಿ.

ಈಗ ಉಚ್ಚಾರ. ಎ-ರೆ-ಯಂ-ಗ. ನಾಲ್ಕು ಅಕ್ಷರ, ಒಂದೂ ದೀರ್ಘವಿಲ್ಲ. ಮೊದಲ ಎರಡು ಹಗುರ. ‘ಯಂ’ ಸೊನ್ನೆಯಿಂದಾಗಿ ಗುರು, ಅಲ್ಲಿ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ. ಕೊನೆಯ ಗ ಮತ್ತೆ ಹಗುರ. ಸೊನ್ನೆಯ ನಂತರ ಗ ಬಂದಿರುವುದರಿಂದ ಅದರ ದನಿ ಮೂಗಿನ ಙ, ‘ಗಂಗೆ’, ‘ತೆಂಗು’ ಅನ್ನುವಾಗ ಬರುವಂಥದ್ದು. ಕೂಗಿ ಕರೆಯುವಾಗ ‘ಎರೆಯಂಗಾ!’ ಅಂತ ಕೊನೆ ಎಳೆದರೆ ಅದು ಕರೆಯುವ ರೀತಿ, ತಪ್ಪಲ್ಲ. ಬರಹದಲ್ಲಿ ಮಾತ್ರ ಗಾ ಬೇಡ. ಱವನ್ನು ಗಡುಸಾಗಿ ನುಡಿಯುವ ಸಾಹಸವೂ ಬೇಡ, ಇವತ್ತಿನ ಕನ್ನಡಕ್ಕೆ ಒಂದೇ ರ.

ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎನ್ನುವುದು ಗೊತ್ತಿದ್ದರೆ ತಿದ್ದುವುದು ಸುಲಭ.

‘ಎರೆಯಾಂಗ’ ಬರುವುದು ಎರಡು ದಾರಿಯಿಂದ. ‘ಯಂ’ ಮೇಲೆ ಬೀಳುವ ತೂಕವನ್ನೇ ಕಿವಿ ದೀರ್ಘವೆಂದು ತಿಳಿಯುವುದು ಒಂದು. ಇಂಗ್ಲಿಷ್‌ನಲ್ಲಿ ಓದುವವರಿಗೆ ಅ, ಆ ಎರಡಕ್ಕೂ ಒಂದೇ ಅಕ್ಷರ ಇರುವುದು ಇನ್ನೊಂದು. ‘ಯೆರೆಯಂಗ’, ‘ಯರೆಯಂಗ’ ಬರುವುದು ನಮ್ಮ ಮಾತಿನ ಅಭ್ಯಾಸದಿಂದ. ಮಾತಿನ ಶುರುವಿನ ಎ-ಗೆ ನಾವು ತಿಳಿಯದೆಯೇ ಒಂದು ಯ ಹಚ್ಚುತ್ತೇವೆ. ಎಲ್ಲಮ್ಮ ಯಲ್ಲಮ್ಮ ಆದದ್ದು, ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಸಿಗುವ ಎಡೆಯೂರು ಯಡಿಯೂರು ಆದದ್ದು ಹೀಗೆಯೇ. ಸಕಲೇಶಪುರದ ಯಸಳೂರಿಗೆ ಇಂಗ್ಲಿಷ್‌ನಲ್ಲಿ ವೈ, ಇ ಎರಡೂ ಬೀಳುತ್ತವೆ. ಬಾಯಲ್ಲಿ ‘ಯೆ’ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ತಪ್ಪಲ್ಲ, ನಮ್ಮ ಸೀಮೆಯ ಬಾಯಿ. ಕಾಗದದ ಮೇಲೆ ‘ಯ’ ಬಂದರೆ ಅಲ್ಲಿಂದ ತಾಪತ್ರಯ ಶುರು.

ಬೇಗ ಮಾತಾಡುವಾಗ ನಡುವಿನ ಸ್ವರ ಉದುರಿ ‘ಎರ್ಯಂಗ’ ಆಗುತ್ತದೆ. ಇದೂ ಸಹಜ, ಬಿಡಿ. ಹಿಂದಿ ಮಾತಾಡುವವರ ಬಾಯಲ್ಲಿ ‘ಏರೇಯಂಗ್’ ಆಗುವುದು ಖಂಡಿತ: ಅವರಲ್ಲಿ ಹ್ರಸ್ವ ಎ ಇಲ್ಲ, ಕೊನೆಯ ಅಕಾರವನ್ನು ನುಂಗುವುದು ಅಭ್ಯಾಸ. ರಾಮ ರಾಮ್ ಆದ ಹಾಗೆ.

ನಾನು ನಿಜಕ್ಕೂ ಗಮನ ಕೊಡಿ ಎನ್ನುವುದು ಇನ್ನೊಂದು ತಪ್ಪಿಗೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಹಾಸನ ಸೀಮೆಯಲ್ಲಿ ಈರೇಗೌಡ, ಈರಯ್ಯ, ಈರಣ್ಣ ಹೆಜ್ಜೆಗೊಬ್ಬರು. ರಂಗನ ಹೆಸರಿನವರೂ ಅಷ್ಟೇ. ಕೌಂಟರಿನ ಗದ್ದಲದಲ್ಲಿ ‘ಎರೆಯಂಗ’ ಎಂದರೆ ಬರೆಯುವವರ ಕಿವಿ ಗೊತ್ತಿರುವ ಹೆಸರನ್ನೇ ಹುಡುಕುತ್ತದೆ. ಕಾಗದದ ಮೇಲೆ ಬೀಳುವುದು ‘ಈರಂಗ’, ‘ಈರಯ್ಯ’, ಇಲ್ಲವೇ ‘ಶ್ರೀರಂಗ’. ಎರೆಹುಳುವಿನ ತಮಾಷೆ ಒಂದು ವಾರದಲ್ಲಿ ಹಳತಾಗುತ್ತದೆ. ದಾಖಲೆಯಲ್ಲಿ ಬಿದ್ದ ‘ಈರಂಗ’ ಮಾತ್ರ ಹತ್ತನೇ ತರಗತಿಯ ಅಂಕಪಟ್ಟಿಯವರೆಗೂ ಬೆನ್ನು ಬಿಡುವುದಿಲ್ಲ.

ಇನ್ನೊಂದು ಸೂಕ್ಷ್ಮ. ನಮ್ಮ ಮಾತಿನಲ್ಲಿ ರಾಮನಿಗೆ ‘ರಾಮಂಗೆ’, ಸೋಮನಿಗೆ ‘ಸೋಮಂಗೆ’ ಅನ್ನುತ್ತೇವೆ. ಆ ಲೆಕ್ಕದಲ್ಲಿ ‘ಎರೆಯಂಗ’ ಅನ್ನುವ ಹೆಸರೇ ‘ಎರೆಯ ಎಂಬುವನಿಗೆ’ ಅನ್ನುವ ಹಾಗೆ ಕೇಳಿಸುತ್ತದೆ. ಫೋನಿನಲ್ಲಿ ‘ಎರೆಯಂಗ ಇದಾನಾ?’ ಎಂದರೆ ಆ ಕಡೆಯವರಿಗೆ ‘ಎರೆಯಂಗೆ’ ಅಂತ ಕೇಳಿ ಮಾತು ಅರ್ಧಕ್ಕೇ ನಿಂತಂತೆ ಅನಿಸಬಹುದು. ಇವನಿಗೆ ಊಟ ಕೊಡಿ ಎನ್ನಬೇಕಾದರೆ ‘ಎರೆಯಂಗಂಗೆ ಊಟ ಕೊಡಿ’. ಒಂದು ಹತ್ತು ಸಲ ಜೋರಾಗಿ ಹೇಳಿ ನೋಡಿ. ನಾಲಿಗೆ ಒಗ್ಗಿದರೆ ಹೆಸರು ಮನೆಗೆ ಒಗ್ಗಿತು ಅಂತ ಲೆಕ್ಕ. ಒಗ್ಗದಿದ್ದರೆ ಎರಡನೇ ತಿಂಗಳಿಗೇ ಅದು ‘ಎರಿ’, ‘ಯಂಗು’ ಆಗಿ ಮೊಟಕಾಗುತ್ತದೆ, ಪೂರ್ತಿ ಹೆಸರು ಪ್ರಮಾಣಪತ್ರದಲ್ಲಷ್ಟೇ ಉಳಿಯುತ್ತದೆ.

ಮೊಟಕು ಹೆಸರನ್ನು ನೀವೇ ಮೊದಲು ಗೊತ್ತು ಮಾಡಿಡುವುದು ಜಾಣತನ. ಬಿಟ್ಟರೆ ಶಾಲೆಯ ಹುಡುಗರು ಗೊತ್ತು ಮಾಡುತ್ತಾರೆ. ‘ಎರೆ’ ಅಂತ ಮುಂದಿನ ತುಂಡು ಹಿಡಿದರೆ ಹುಳು ಹಿಂದೆಯೇ ಬರುತ್ತದೆ. ‘ಅಂಗ’ ಅಂತ ಹಿಂದಿನ ತುಂಡು ಹಿಡಿದರೆ ದೊಡ್ಡ ಹುಡುಗರ ಕೈಯಲ್ಲಿ ಅದು ಬೇರೆಯೇ ನಗೆಯಾಗುತ್ತದೆ. ನಮ್ಮ ಕಡೆ ಹೆಂಗೆ ಅನ್ನುವುದಕ್ಕೆ ‘ಯಂಗೆ’ ಅನ್ನುವವರಿದ್ದಾರೆ, ‘ಎರೇ, ಯಂಗೆ?’ ಅನ್ನುವ ಪ್ರಾಸವೂ ಕಾದಿದೆ. ಹೆಸರಿಗೆ ಸಂಬಂಧವೇ ಇಲ್ಲದ ಮುದ್ದಿನ ಹೆಸರೊಂದು, ಪುಟ್ಟ, ಚಿನ್ನು, ಅಪ್ಪು ಯಾವುದಾದರೂ ಸರಿ, ಮನೆಯಲ್ಲಿ ಚಾಲ್ತಿಗೆ ತನ್ನಿ. ಶಾಲೆಗೆ ಪೂರ್ತಿ ನಾಲ್ಕಕ್ಷರವನ್ನೇ ಕೊಡಿ. ತಮಾಷೆ ಪೂರ್ತಿ ತಪ್ಪುತ್ತದೆ ಅಂತ ಮಾತು ಕೊಡಲಾರೆ. ಅಣಕಿಸುವುದಕ್ಕೆ ಮಕ್ಕಳಿಗೆ ‘ಆರ್ಯನ್’ ಕೂಡ ಸಾಕಾಗುತ್ತದೆ. ಆದರೆ ‘ನನ್ನ ಹೆಸರಿನ ಅರ್ಥ ಒಡೆಯ, ವಿಷ್ಣುವರ್ಧನನ ಅಪ್ಪನ ಹೆಸರು’ ಅಂತ ಆರು ವರ್ಷದ ಹುಡುಗ ಗಟ್ಟಿಯಾಗಿ ಹೇಳಲು ಕಲಿತಿದ್ದರೆ ಅಣಕ ಅಲ್ಲೇ ಸವೆಯುತ್ತದೆ. ಬೇಲೂರಿಗೋ ಹಳೇಬೀಡಿಗೋ ಶಾಲೆಯ ಪ್ರವಾಸ ಹೋದ ದಿನ ಅವನದೇ ರಾಜ್ಯಭಾರ.

ಜನಪ್ರಿಯತೆಯ ಸ್ಟಾರ್‌ಗಳನ್ನು ನಂಬಬೇಡಿ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಎನ್ನುವ ಪಟ್ಟಿ ಹೊರಡಿಸುತ್ತದೆ, ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಬಿಡುತ್ತದೆ. ನಮ್ಮಲ್ಲಿ ಅಂಥ ವಾರ್ಷಿಕ ಸರ್ಕಾರಿ ಪಟ್ಟಿಯೇ ಇಲ್ಲ. ಪಟ್ಟಿಯೇ ಇಲ್ಲದ ಮೇಲೆ ಐದಕ್ಕೆ ನಾಲ್ಕು ಎಲ್ಲಿಂದ ಬಂತು? ಆ ಪುಟವನ್ನು ಎಷ್ಟು ಜನ ಒತ್ತಿದರು ಎನ್ನುವುದನ್ನೇ ಹೆಸರಿನ ಜನಪ್ರಿಯತೆ ಅಂತ ತೋರಿಸುವವರಿದ್ದಾರೆ, ಸುಮ್ಮನೆ ತುಂಬಿಸುವವರೂ ಇದ್ದಾರೆ.

ನಿಮಗೇ ಅಂದಾಜು ಬೇಕಿದ್ದರೆ ಒಂದು ದಾರಿ ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಮತದಾರರ ಪಟ್ಟಿ ಕ್ಷೇತ್ರವಾರು, ಭಾಗವಾರು ಕನ್ನಡದಲ್ಲೇ ಸಿಗುತ್ತದೆ. ಬೇಲೂರಿನ ನಾಲ್ಕು ಭಾಗ, ಚಿಕ್ಕಮಗಳೂರಿನ ನಾಲ್ಕು ಭಾಗ ತೆಗೆದು ಕಣ್ಣಾಡಿಸಿ. ಆ ಪಟ್ಟಿಯಲ್ಲಿರುವವರು 18 ತುಂಬಿದವರು, ಅಂದರೆ ಅದು ಹೇಳುವುದು ಹಿಂದಿನ ತಲೆಮಾರಿನ ರುಚಿ. ಈಗಿನದು ಬೇಕಾದರೆ ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಅವರ ಬಾಯಲ್ಲೇ ಇಡೀ ಊರಿನ ಹಾಜರಿ ಇರುತ್ತದೆ. ಹೊಯ್ಸಳ, ಬಲ್ಲಾಳ, ವಿಷ್ಣುವರ್ಧನ ಈ ಹೆಸರುಗಳು ಜನರ ನಡುವೆ ಓಡಾಡುತ್ತಿವೆ. ಎರೆಯಂಗ ಪಠ್ಯಪುಸ್ತಕದಲ್ಲಿ, ಶಾಸನದಲ್ಲಿ ಉಳಿದುಕೊಂಡ ಹೆಸರು. ತರಗತಿಯಲ್ಲಿ ಇನ್ನೊಬ್ಬ ಎರೆಯಂಗ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅಪರೂಪ ಎನ್ನುವುದು ಗುಣವೂ ಅಲ್ಲ, ದೋಷವೂ ಅಲ್ಲ. ಅದರ ಬೆಲೆ ಇಷ್ಟೇ: ಪ್ರತಿ ಕೌಂಟರಿನಲ್ಲೂ ಅಕ್ಷರ ಬಿಡಿಸಿ ಹೇಳಬೇಕು. ಅದಕ್ಕೆ ನೀವು ತಯಾರಿದ್ದೀರಾ ಎನ್ನುವುದೊಂದೇ ಪ್ರಶ್ನೆ.

ಇಂಗ್ಲಿಷ್ ಕಾಗುಣಿತಕ್ಕೆ ನನ್ನ ಶಿಫಾರಸು ಒಂದೇ: ಇ, ಆರ್, ಇ, ವೈ, ಎ, ಎನ್, ಜಿ, ಎ. ಎಂಟು ಅಕ್ಷರ. ಇತಿಹಾಸದ ಪುಸ್ತಕಗಳು ಈ ರಾಜನ ಹೆಸರನ್ನು ಹೀಗೆಯೇ ಬರೆಯುವುದು, ಹಾಗಾಗಿ ಮಗ ದೊಡ್ಡವನಾಗಿ ತನ್ನ ಹೆಸರು ಹುಡುಕಿದರೆ ಸಿಗುವುದು ಅದೇ. ಇದರಲ್ಲೂ ಕುಂದಿದೆ. ಮೊದಲ ಅಕ್ಷರವನ್ನು ‘ಈ’ ಎಂದು ಓದುವವರು ಇದ್ದೇ ಇರುತ್ತಾರೆ. ಆದರೆ ಬೇರೆ ದಾರಿಗಳು ಇದಕ್ಕಿಂತ ಕೆಟ್ಟವು. ಮುಂದೆ ಒಂದು ವೈ ಹಾಕಿದರೆ ಉಚ್ಚಾರ ಹತ್ತಿರ ಬರುತ್ತದೆ ನಿಜ, ಕಂಪ್ಯೂಟರು ಅದನ್ನು ಕನ್ನಡಕ್ಕೆ ತಿರುಗಿಸುವಾಗ ‘ಯೆರೆಯಂಗ’ ಮಾಡುತ್ತದೆ, ನಕ್ಷತ್ರದ ಅಕ್ಷರವೂ ತಪ್ಪಿತು. ನಡುವಿನ ವೈ ಬಿಟ್ಟರೆ ‘ಇರಿಯಾಂಗ’ ಅಂತ ಓದುತ್ತಾರೆ. ಕೊನೆಯ ಎ ಬಿಟ್ಟರೆ ‘ಯಾಂಗ್’ ಅಂತ ಮುಗಿದು ಚೀನಾದವನ ಹೆಸರಾಗುತ್ತದೆ. ಸಂಖ್ಯಾಶಾಸ್ತ್ರದವರು ಇನ್ನೊಂದು ಎ ಸೇರಿಸಿ ಎಂದರೆ ಅದು ಬೀಳುವುದು ‘ಯ’ದ ಪಕ್ಕದಲ್ಲೋ ಕೊನೆಯಲ್ಲೋ. ಎರಡು ಕಡೆಯೂ ಇಲ್ಲದ ದೀರ್ಘ ಹುಟ್ಟುತ್ತದೆ. ಸಂಖ್ಯೆ ಸರಿಹೋಗಬಹುದು, ಹೆಸರು ಕೆಡುತ್ತದೆ. ಎಷ್ಟು ದೊಡ್ಡವರಿಗಾದರೂ ಈ ಕಾಗುಣಿತದ ಬದಲಾವಣೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರೇ ಇಂಗ್ಲಿಷ್ ಅಕ್ಷರ ಬದಲಿಸಿಕೊಂಡು, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂದರು.

ಕನ್ನಡದಲ್ಲಿ ‘ಎರೆಯಂಗ’ ಎಂದೇ ಬರೆಸಿ. ನಿಮ್ಮ ಮನೆಯವರು ಇತಿಹಾಸದ ಹುಚ್ಚಿನವರು ಅಂತ ಕಾಣುತ್ತದೆ, ‘ಎಱೆಯಂಗ’ ಅಂತಲೇ ದಾಖಲೆಯಲ್ಲಿ ಬರಲಿ ಎನ್ನಬಹುದು. ಯೂನಿಕೋಡ್‌ನಲ್ಲಿ ಱಗೆ ಜಾಗ ಇದೆ, ಮೊಬೈಲಿನಲ್ಲೂ ಮೂಡುತ್ತದೆ. ಆದರೂ ಬೇಡ. ಗಣಕಕ್ಕೆ ರ ಬೇರೆ, ಱ ಬೇರೆ. ಜನನ ಪ್ರಮಾಣಪತ್ರದಲ್ಲಿ ಱ ಇದ್ದು ಶಾಲೆಯವರು ರ ಹೊಡೆದರೆ ಎರಡು ದಾಖಲೆ ಎರಡು ಮಕ್ಕಳದಾಗುತ್ತವೆ. ಹಳೆಯ ಫಾಂಟ್ ಇರುವ ಕಡೆ ಅಕ್ಷರದ ಬದಲು ಖಾಲಿ ಚೌಕ ಬರುವುದೂ ಉಂಟು.

ಒಂಟಿ ಹೆಸರಾಗಿ ಬಿಡಬೇಡಿ. ನಮ್ಮ ಕಡೆ ಊರು, ಅಪ್ಪನ ಹೆಸರು ಸೇರಿಸಿ ಇನಿಶಿಯಲ್ ಇಡುವುದು ರೂಢಿ. ಎಚ್.ಡಿ. ದೇವೇಗೌಡರ ಎಚ್ ಹರದನಹಳ್ಳಿ, ಡಿ ಅವರ ತಂದೆ ದೊಡ್ಡೇಗೌಡರು. ಪಾಸ್‌ಪೋರ್ಟಿನಲ್ಲಿ ಮಾತ್ರ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಯುಎಇ 2022ರ ನವೆಂಬರ್‌ನಿಂದ ಭೇಟಿ ವೀಸಾದಲ್ಲಿ ತಕರಾರು ಮಾಡಿದ್ದೂ ಇದೆ. ಮೊದಲಿಗೇ ‘ಎರೆಯಂಗ’ದ ಜೊತೆ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಪೂರ್ತಿ ಸೇರಿಸಿ ಎರಡು ಪದ ಮಾಡಿದರೆ ಮುಂದೆ ಯಾವ ತೊಡಕೂ ಇಲ್ಲ.

ಬರೆಸುವ ಮುಂಚೆ ಹೆಸರನ್ನು ಒಂದು ತಿಂಗಳು ಓಡಿಸಿ ನೋಡಿ. ಹೀಗೆ ಮಾಡಿ: ಹೆಸರನ್ನು ಮೊದಲು ಕೇಳಿರದ ಐದು ಜನರಿಗೆ ಒಮ್ಮೆ ಮಾತ್ರ ಹೇಳಿ, ಕಾಗದದ ಮೇಲೆ ಬರೆಯಲು ಹೇಳಿ. ಬೇರೆ ಐದು ಜನರಿಗೆ ಇಂಗ್ಲಿಷ್‌ನಲ್ಲಿ ಬರೆದು ಕೊಟ್ಟು ಜೋರಾಗಿ ಓದಿಸಿ. ಅಕ್ಕಪಕ್ಕದವರೇ ಬೇಡ, ಔಷಧಿ ಅಂಗಡಿಯವರು, ಜೆರಾಕ್ಸ್ ಅಂಗಡಿಯ ಹುಡುಗ ಇಂಥವರಿರಲಿ. ಒಂದು ಸಲ ತಿದ್ದಿದ ಮೇಲೆ ಎರಡನೇ ಸಲ ಹತ್ತರಲ್ಲಿ ಏಳು ಜನ ಸರಿ ಹೇಳಿದರೆ ಹೆಸರು ಬದುಕುತ್ತದೆ. ನಾಲ್ಕಕ್ಕಿಂತ ಕಡಿಮೆಯಾದರೆ ಇನ್ನೊಮ್ಮೆ ಯೋಚಿಸಿ. ಮಗುವಿಗೆ 14ನೇ ವಾರದ ಲಸಿಕೆ ಬರುತ್ತದಲ್ಲ, ಆವತ್ತು ನರ್ಸ್ ಕೇಳಿದಾಗ ಹೆಸರು ಹೇಳಿ, ತಾಯಿ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಅವರು ಏನು ಬರೆದರು ನೋಡಿ. ‘ಈರಂಗ’ ಅಂತಿದ್ದರೆ ಬೇಸರ ಬೇಡ, ನಿಮಗೆ ಬೇಕಿದ್ದ ಉತ್ತರ ಪುಕ್ಕಟೆ ಸಿಕ್ಕಿತು.

ಪರೀಕ್ಷೆಯಲ್ಲಿ ಹೆಸರು ಸೋತರೆ ಎರಡು ದಾರಿ ಇವೆ. ತೊಟ್ಟಿಲ ಹೆಸರು ಎರೆಯಂಗ ಇರಲಿ, ದಾಖಲೆಗೆ ವಿನಯಾದಿತ್ಯ ಬರೆಸಿ. ಆ ರಾಜನ ಅಪ್ಪನ ಹೆಸರೇ, ಬಾಯಿಗೆ ಸಲೀಸು, ಅಣಕಕ್ಕೆ ಸಿಗದು. ಇದರ ತೊಂದರೆ, ಕಾಲಕ್ರಮದಲ್ಲಿ ತೊಟ್ಟಿಲ ಹೆಸರು ಅಜ್ಜಿಯ ನೆನಪಿನಲ್ಲಷ್ಟೇ ಉಳಿಯುವುದು. ಇಲ್ಲವೇ ದಾಖಲೆಯಲ್ಲೇ ಎರಡನ್ನೂ ಸೇರಿಸಿ ‘ವಿನಯ್ ಎರೆಯಂಗ’ದಂತೆ ಮಾಡಬಹುದು. ಆಗ ಕೆಲವರು ಎರೆಯಂಗವನ್ನು ಅಪ್ಪನ ಹೆಸರು ಅಂದುಕೊಳ್ಳುತ್ತಾರೆ, ಅರ್ಜಿಗಳಲ್ಲಿ ತಂದೆಯ ಹೆಸರಿನ ಕಾಲಂ ಜೊತೆ ಗೋಜಲಾಗುತ್ತದೆ. ‘ಎರೆಯ’ ಅಂತ ಮೊಟಕು ಮಾಡಿ ಬರೆಸುವುದು, ‘ಎರೆಯಾಂಶ್’ ಅಂತ ಹೊಸ ಬಾಲ ಅಂಟಿಸುವುದು ಎರಡೂ ನನಗೆ ಒಪ್ಪಿಗೆಯಿಲ್ಲ. ಮೊದಲನೆಯದು ಹುಳುವಿಗೆ ಇನ್ನೂ ಹತ್ತಿರ, ಎರಡನೆಯದು ಯಾವ ಭಾಷೆಯದೂ ಅಲ್ಲ. ನನ್ನನ್ನು ಕೇಳಿದರೆ, ನೀವಿಬ್ಬರೂ ಮೆಚ್ಚಿರುವ ಹೆಸರು ಇದು, ಅರ್ಥ ಗಟ್ಟಿ, ನೆಲದ ಹೆಸರು. ಇಡಿ. ಕಾಗುಣಿತದ ಕಾವಲು ಮಾತ್ರ ನಿಮ್ಮ ಕೆಲಸ.

ಆ ಕಾವಲು ಹೇಗೆ ಅಂದರೆ: ನೋಂದಣಾಧಿಕಾರಿಯ ಕಚೇರಿಗೆ ಹೋಗುವಾಗ ಹೆಸರನ್ನು ಬಾಯಲ್ಲಿ ಹೇಳಬೇಡಿ. ಅಂಗೈಯಗಲದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಕನ್ನಡದಲ್ಲೊಮ್ಮೆ, ಇಂಗ್ಲಿಷ್ ದೊಡ್ಡಕ್ಷರದಲ್ಲೊಮ್ಮೆ ಬರೆದು ಒಯ್ಯಿರಿ. ಕೆಳಗೆ ‘ಎ ಹ್ರಸ್ವ, ಯಂ ಸೊನ್ನೆ, ಕೊನೆಗೆ ಗ’ ಅಂತ ಒಂದು ಸಾಲು ಇರಲಿ. ಪ್ರಮಾಣಪತ್ರದಲ್ಲಿ ಎರಡೂ ಭಾಷೆ ಇರುತ್ತದೆ. ಸಹಿಗೆ ಹೋಗುವ ಮುಂಚೆ ಪರದೆಯ ಮೇಲೆ ಎರಡನ್ನೂ ನೀವೇ ಓದಿ ಒಪ್ಪಿಕೊಳ್ಳಿ. ಬರಹದ ದೋಷವನ್ನು ತಿದ್ದಲು ಕಾಯ್ದೆಯಲ್ಲಿ ಅವಕಾಶವಿದೆ, ಹೆಸರನ್ನೇ ಬೇರೆ ಮಾಡುವುದು ಅಷ್ಟು ಸಲೀಸಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸುವುದರಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೂ ಜಾಗಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆಧಾರ್ ಆಮೇಲೆ ಮಾಡಿಸಿ, ಈ ಪ್ರಮಾಣಪತ್ರ ನೋಡಿಕೊಂಡೇ ಟೈಪ್ ಮಾಡಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ, ಒಂದನ್ನು ಮೊದಲ ವರ್ಷವೇ ಕಳೆದುಕೊಳ್ಳಬೇಡಿ. ಆಧಾರ್ ಕೇಂದ್ರದಲ್ಲಿ ಇಂಗ್ಲಿಷ್ ಹೊಡೆದರೆ ಕನ್ನಡ ತಾನಾಗಿ ಮೂಡುತ್ತದೆ, ‘ಎರೆಯಾಂಗ’ ಬರುವ ಸಂಭವ ಅಲ್ಲೇ ಹೆಚ್ಚು. ಅದನ್ನು ಕೈಯಿಂದ ತಿದ್ದಿಸಬಹುದು, ರಸೀದಿ ಕೈಗೆ ಬರುವ ಮುಂಚೆ ಹೇಳಬೇಕು ಅಷ್ಟೆ.

ನಾಮಕರಣದ ಕಾರ್ಡು ಅಚ್ಚು ಹಾಕಿಸುವವರಿದ್ದರೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡದೆ ಬರಬೇಡಿ, ಅಲ್ಲೂ ಈರಂಗ ಕಾದಿರುತ್ತಾನೆ. ನಿಮ್ಮ ಮನೆಯವರ ಱ ಆಸೆ ತೀರಿಸಲು ಒಂದು ಜಾಗ ಇದೆ. ತೊಟ್ಟಿಲ ಶಾಸ್ತ್ರದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಹೆಸರು ಬರೆಯುತ್ತೀರಲ್ಲ, ಅಲ್ಲಿ ‘ಎಱೆಯಂಗ’ ಎಂದೇ ಬರೆಯಲಿ. ಅಕ್ಕಿಗೆ ಫಾಂಟಿನ ತೊಂದರೆ ಇಲ್ಲ.